ಬೀಗರ ಊರಿನಲ್ಲಿ ಸಿಕ್ಕಿಬಿದ್ದ ರೈಫಲ್ ಕೇಸು

ಚಳ್ಳಕೆರೆ, ಹೊರಡುವ ಮುಂಚೆ

ಕುರಿ ಸಾಕುವವರ ಮನೆಗೆಂದು ನ್ಯೂಜಿಲೆಂಡಿಗೆ ಹೊರಟಿದ್ದೇನೆ ಎಂದರೆ ಚಳ್ಳಕೆರೆಯಲ್ಲಿ ಯಾರೂ ನಂಬಲಿಲ್ಲ. ತಪ್ಪು ಅವರದಲ್ಲ. ನಮ್ಮೂರಿನಿಂದ ಯಾವ ದಿಕ್ಕಿಗೆ ಬಸ್ಸು ಹತ್ತಿದರೂ ಸ್ವಲ್ಪ ದೂರದಲ್ಲೇ ಕುರಿಮಂದೆ ಅಡ್ಡ ಬರುತ್ತದೆ. ಡ್ರೈವರ್ ಹಾರನ್ ಹೊಡೆಯುತ್ತಾನೆ, ಕುರಿಗಳು ಕೇಳಿಸದಂತೆ ನಡೆಯುತ್ತವೆ, ಕುರಿಯವನು ತಿರುಗಿ ಡ್ರೈವರನಿಗೇ ಬೈಯುತ್ತಾನೆ. ಇಷ್ಟೆಲ್ಲ ಮನೆಬಾಗಿಲಲ್ಲೇ ಇರುವಾಗ ಸಮುದ್ರ ದಾಟುವುದೇಕೆ?

"ಲೇ ತಿಪ್ಪೇಸ್ವಾಮಿ, ಕುರಿ ನೋಡಾಕೆ ಅಷ್ಟು ದೂರ ಹೋಗ್ತೀಯಾ? ನಮ್ಮ ಹಟ್ಟಿಗೆ ಬಾ, ಬಿಟ್ಟಿ ತೋರಿಸ್ತೀನಿ" ಎಂದ ಒಬ್ಬ ಗೆಳೆಯ.

ನಾನು ಹೊರಟಿದ್ದು ಕುರಿ ನೋಡಲು ಅಲ್ಲ, ಬೀಗರನ್ನು ನೋಡಲು. ನನ್ನ ಮಗಳು ಅನಿತಾ ಕುರಿಗಳ ಗೊರಸು ಕೊಳೆಯುವ ರೋಗದ ಬಗ್ಗೆ ಓದಲು ಆ ದೇಶಕ್ಕೆ ಹೋದವಳು, ಅಲ್ಲಿಯ ಕುರಿ ಸಾಕುವವರ ಮಗ ಬೆನ್ ಎಂಬುವನನ್ನು ಮದುವೆಯಾದಳು. ಮದುವೆ ನಮ್ಮೂರಿನಲ್ಲೇ ಆಯಿತು. ಬೀಗರು ಬಂದು ಬಾಳೆಲೆಯ ಮುಂದೆ ಕಷ್ಟಪಟ್ಟು ಕಾಲು ಮಡಿಸಿ ಕೂತು ಉಂಡರು. ಹೊರಡುವಾಗ "ನೀವೂ ನಮ್ಮ ಮನೆಗೆ ಬರಲೇಬೇಕು" ಎಂದರು. ನಮ್ಮ ಕಡೆ ಹಾಗೆ ಹೇಳುವುದು ಮರ್ಯಾದೆಗೆ, ಹೂಂ ಎನ್ನುವುದೂ ಮರ್ಯಾದೆಗೆ. ಆ ಜನ ನಿಜವಾಗಿಯೇ ಕರೆದಿದ್ದರು ಎಂದು ಗೊತ್ತಾಗಿದ್ದು ಟಿಕೆಟ್ಟು ಬಂದಾಗ.

ನನ್ನದು ಲೇತ್ ಅಂಗಡಿ. ಮೂವತ್ತು ವರ್ಷದಿಂದ ಎಣ್ಣೆ ಮಿಲ್ಲುಗಳ ಸವೆದ ಶಾಫ್ಟು, ಮುರಿದ ಬೋಲ್ಟು ಇವುಗಳ ಜೊತೆ ಬಾಳು. ಅಂಗಡಿಯ ಪಾಲುದಾರ ರಹಮತ್ ನನಗಿಂತ ಒಳ್ಳೆಯ ಕೆಲಸಗಾರ. ಅದನ್ನು ಅವನ ಎದುರಿಗೆ ನಾನು ಒಪ್ಪಿಲ್ಲ. ಬಸ್ ಸ್ಟ್ಯಾಂಡಿಗೆ ಬಂದು ಬೀಳ್ಕೊಟ್ಟವನು ಅವನೇ.

"ಭಾಯ್, ಎಣ್ಣೆ ಊರಿನಿಂದ ಹೊಂಟೀಯ. ಮೆಷಿನ್ ವಿಷಯದಾಗೆ ನಮ್ಮೂರಿನ ಇಜ್ಜತ್ ಉಳಿಸು."

ಮೆಷಿನ್ ವಿಷಯಕ್ಕೂ ಬೀಗರ ಮನೆಗೂ ಏನು ಸಂಬಂಧ ಎಂದು ನಾನು ನಕ್ಕೆ.

ವಿಮಾನ ನಿಲ್ದಾಣ

ನ್ಯೂಜಿಲೆಂಡಿನವರಿಗೆ ಕಳ್ಳರ ಭಯ ಅಷ್ಟಾಗಿ ಇಲ್ಲ. ಅವರಿಗಿರುವುದು ಬೀಜದ ಭಯ. ನಿಮ್ಮ ಬೂಟಿನ ಅಡಿಯಲ್ಲಿ ಪರದೇಶದ ಮಣ್ಣು ಇರಬಾರದು, ಜೇಬಿನಲ್ಲಿ ಹುಣಸೆಬೀಜ ಇರಬಾರದು, ಬ್ಯಾಗಿನಲ್ಲಿ ಕರಿಬೇವು ಇರಬಾರದು. ನನ್ನ ಹೆಂಡತಿ ನಾಗವೇಣಿ ಮೊಳಕಾಲ್ಮೂರಿನ ನೇಕಾರರ ಮನೆಯವಳು. ಬೀಗಿತ್ತಿಗೆಂದು ತವರಿನ ಮಗ್ಗದಲ್ಲೇ ನೇಯಿಸಿದ ರೇಷ್ಮೆ ಸೀರೆ ತಂದಿದ್ದಳು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಬೀಗರಿಗೆಂದು ನಾನು ತಂದಿದ್ದ ಚಳ್ಳಕೆರೆಯ ಕಂಬಳಿಯನ್ನು ಮಾತ್ರ ಅಧಿಕಾರಿಣಿಯೊಬ್ಬಳು ಬಿಳಿ ಮೇಜಿನ ಮೇಲೆ ಹಾಸಿ, ಕೈಗವಸು ಹಾಕಿಕೊಂಡು, ದೀಪ ಹಿಡಿದು, ಹೆಣ ಪರೀಕ್ಷೆ ಮಾಡುವವಳ ಹಾಗೆ ನೋಡತೊಡಗಿದಳು.

ಚಿಮಟಿಗೆಯಲ್ಲಿ ಒಂದು ಹುಲ್ಲಿನ ಮುಳ್ಳು ಎತ್ತಿ ಹಿಡಿದಳು. ಆಮೇಲೆ ಇನ್ನೊಂದು. ಆಮೇಲೆ ಸಣ್ಣ ಡಬ್ಬಿ ತರಿಸಿದಳು.

"ಇದು ಯಾವ ಹುಲ್ಲು?" ಎಂದಳು.

ನಾನು ಮರ್ಯಾದೆಯಿಂದ "ಲೋಕಲ್" ಎಂದೆ.

ನಾಗವೇಣಿಗೆ ಅವಮಾನವಾಯಿತು. "ಕುರಿ ಊರಿಗೆ ಕಂಬಳಿ ತರಬ್ಯಾಡ್ರಿ ಅಂದ್ರೆ ಕೇಳಲಿಲ್ಲ ನೀವು. ಚಾಲು, ಇನ್ನ ಬಾಯಿ ಬಿಡಬ್ಯಾಡ್ರಿ" ಎಂದಳು. ಅವಳಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ಚಾಲು ಎಂದರೆ ಸಾಕು ಎಂದು ಅರ್ಥ; ಮದುವೆಯಾದ ಮೊದಲ ವಾರವೇ ನಾನು ಕಲಿತ ತೆಲುಗು ಅದು.

ಅಧಿಕಾರಿಣಿ ಕಂಬಳಿಯನ್ನು ಯಾವುದೋ ಹೊಗೆ ಕೊಡಿಸಿ, ನಾಲ್ಕು ದಿನ ಬಿಟ್ಟು ಮನೆಗೇ ಕಳಿಸುವುದಾಗಿ ಹೇಳಿ, ನಮ್ಮ ಕಾಲಿಗೆ ಬೀಳುವಷ್ಟು ನಯವಾಗಿ ಕ್ಷಮೆ ಕೇಳಿದಳು. ನಮ್ಮ ಕಡೆ ಕಚೇರಿಯಲ್ಲಿ ಕೆಲಸ ಮಾಡಿಕೊಟ್ಟವರೂ ಅಷ್ಟು ನಯವಾಗಿ ಮಾತನಾಡಿದ ನೆನಪು ನನಗಿಲ್ಲ.

ಬೀಗರ ಮನೆ, ಮೊದಲ ಎರಡು ದಿನ

ದಕ್ಷಿಣ ದ್ವೀಪದ ಒಳನಾಡು ಅದು. ಕಾರಿನ ಕಿಟಕಿಯಿಂದ ನೋಡುತ್ತ ಹೋದ ಹಾಗೆ ನನ್ನ ಉತ್ಸಾಹ ಇಳಿಯಿತು. ಮರವಿಲ್ಲದ ಗುಡ್ಡ, ಒಣಗಿದ ಹುಲ್ಲು, ಕಲ್ಲುಬಂಡೆ, ಗಾಳಿ. ಚಳಿಯೊಂದನ್ನು ತೆಗೆದರೆ ನಮ್ಮೂರ ಹತ್ತಿರದ ಹುಲ್ಲುಗಾವಲು, ಉಳ್ಳಾರ್ತಿ ಕಾವಲೇ. ಊರಿಗೆ ಕಳಿಸಲೆಂದು ಫೋಟೋ ತೆಗೆದೆ. ಮೊದಲ ಉತ್ತರ ಬಂದಿದ್ದು, "ಇನ್ನೂ ಕಾವಲು ದಾಟಿಲ್ಲೇನು?"

ಬೀಗರ ಹೆಸರು ಗಾರ್ಡನ್. ಆರಡಿ ಎತ್ತರ, ಬಿಸಿಲಿಗೆ ಕೆಂಪಾದ ಕತ್ತು, ಮಾತು ಕಡಿಮೆ. ನನ್ನ ಪೂರ್ತಿ ಹೆಸರು ನಾಲಿಗೆಗೆ ಬಾರದೆ "ಸ್ವಾಮಿ" ಎಂದು ಕರೆಯುತ್ತಿದ್ದರು. ಇದರಿಂದ ಅಕ್ಕಪಕ್ಕದ ತೋಟದವರು ನನ್ನನ್ನು ಸನ್ಯಾಸಿ ಎಂದು ತಿಳಿದು ಬೆನ್ನುನೋವಿಗೆ ಆಸನ ಕೇಳಿದರು. ನಾನು ಒಂದಿಬ್ಬರಿಗೆ ಹೇಳಿಯೂ ಕೊಟ್ಟೆ. ಬೀಗಿತ್ತಿ ಮಾರ್ಗರೆಟ್ ನಗುಮುಖದವರು. ಸೀರೆಯನ್ನು ಕಂಡು ಕಣ್ಣರಳಿಸಿ, ಉಡಲು ಮನಸ್ಸು ಬಾರದೆ, ಊಟದ ಕೋಣೆಯ ಗೋಡೆಗೆ ಹರಡಿ ತೂಗುಹಾಕಿದರು. ನಾಗವೇಣಿ ಊಟಕ್ಕೆ ಕೂತಾಗಲೆಲ್ಲ ಆ ಗೋಡೆಯನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

ಊಟದ ವಿಷಯದಲ್ಲಿ ಅವರಿಗೂ ನಮಗೂ ಹೊಂದುವುದಿಲ್ಲ. "ಇನ್ನೊಂದು ಬಡಿಸಲೇ?" ಎಂದು ಕೇಳುತ್ತಾರೆ. ಬೀಗರ ಮನೆಯಲ್ಲಿ ಮೊದಲ ಸಲಕ್ಕೇ ಹೂಂ ಅನ್ನುವ ಗಂಡಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಬೇಡ ಎಂದೆ. ಪಾತ್ರೆ ಒಳಗೆ ಹೋಯಿತು. ನಮ್ಮಲ್ಲಾದರೆ ಬೇಡ ಎನ್ನುವುದು ಮಾತುಕತೆಯ ಆರಂಭ. ಅಲ್ಲಿ ಅದೇ ಮುಕ್ತಾಯ. ಎರಡು ದಿನ ಹೀಗೆ ಅರ್ಧ ಹೊಟ್ಟೆಯಲ್ಲಿ ಕಳೆದ ಮೇಲೆ ಅನಿತಾ ಹೇಳಿದಳು: "ಅಪ್ಪ, ಇವರು ಬ್ಯಾಡ ಅಂದ್ರೆ ಬ್ಯಾಡ ಅಂತಾನೇ ತಿಳ್ಕೊತಾರೆ. ಬೇಕು ಅಂದ್ರೆ ಬೇಕು ಅನ್ನು."

ಅಷ್ಟು ಸುಲಭದ ಮಾತು ನನ್ನ ಬಾಯಿಂದ ಹೊರಡಲು ಇನ್ನೂ ಒಂದು ದಿನ ಹಿಡಿಯಿತು.

ಶೆಡ್ಡು, ಮೂರನೇ ದಿನ ಬೆಳಿಗ್ಗೆ

ನನ್ನದು ಲೇತ್ ಕೆಲಸ ಎಂದು ತಿಳಿದಿದ್ದ ಗಾರ್ಡನ್ ಅಂದು ತಮ್ಮ ಶೆಡ್ಡಿಗೆ ಕರೆದುಕೊಂಡು ಹೋದರು. ಬೆಂಚಿನ ಮೇಲೆ ಗಟ್ಟಿಯಾಗಿ ಬಿಗಿದ, ಉದ್ದ ಹಿಡಿಯ ಒಂದು ಕೈ ಪ್ರೆಸ್ಸು. ಪಕ್ಕದಲ್ಲಿ ಮರದ ಪೆಟ್ಟಿಗೆ. ಅದರ ತುಂಬ ರೈಫಲಿನ ಖಾಲಿ ಹಿತ್ತಾಳೆ ಚಿಪ್ಪುಗಳು. ಅವರು ಅವನ್ನು ಕೇಸ್ ಎನ್ನುತ್ತಿದ್ದರು.

ಗಾರ್ಡನ್‌ರ ಅಣ್ಣ ರಾಯ್ ತೀರಿಕೊಂಡು ಆ ಶನಿವಾರಕ್ಕೆ ಒಂದು ವರ್ಷ. ಮೊಲಗಳ ಕಾಟದ ಆ ಸೀಮೆಯಲ್ಲಿ ರಾಯ್ ಹೆಸರಾಂತ ಗುರಿಕಾರ. ಅವನ ಹಳೆಯ ರೈಫಲಿಗೆ ಹೊಂದುವ ತೋಟಾಗಳು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಅವನು ಹಾರಿಸಿದ ಚಿಪ್ಪುಗಳನ್ನೇ ಆಯ್ದು, ಮತ್ತೆ ಮದ್ದು ತುಂಬಿ ಬಳಸುತ್ತಿದ್ದ. ಶನಿವಾರ ಅವನ ಹೆಂಡತಿ, ಗೆಳೆಯರು ಎಲ್ಲ ಗುಡ್ಡದ ಮೇಲೆ ಸೇರಿ, ಅವನ ರೈಫಲಿನಿಂದ, ಅವನದೇ ಚಿಪ್ಪಿನಲ್ಲಿ ತುಂಬಿದ ತೋಟಾಗಳನ್ನು ಒಬ್ಬೊಬ್ಬರೂ ಒಂದೊಂದು ಹಾರಿಸುವುದು ಎಂದಾಗಿತ್ತು. ನಾವು ವರ್ಷದ ದಿನ ಎಡೆ ಇಡುವ ಹಾಗೆ.

ಗುಂಡು ಹಾರಿದಾಗ ಚಿಪ್ಪು ಉಬ್ಬುತ್ತದೆ. ಅದನ್ನು ಪ್ರೆಸ್ಸಿನಲ್ಲಿಟ್ಟು ಡೈ ಎನ್ನುವ ಉಕ್ಕಿನ ಅಚ್ಚಿನೊಳಗೆ ಒತ್ತಿ ಹಳೆಯ ಅಳತೆಗೆ ತರಬೇಕು. ಡೈ ರಾಯ್‌ನದೇ. ಅದನ್ನು ಮಾಡಿದ ಕಂಪನಿಯೂ ಈಗಿಲ್ಲ.

ಗಾರ್ಡನ್ ನಿಧಾನವಾಗಿ ತೋರಿಸಿದರು. ನನಗೆ ತಿಳಿದಷ್ಟು ಕನ್ನಡದಲ್ಲಿ ಬರೆಯುತ್ತೇನೆ.

"ಮೊದಲು ಚಿಪ್ಪನ್ನು ಒರೆಸು, ಸ್ವಾಮಿ. ಒಂದು ಮರಳ ಕಣ ಸಾಕು ಡೈ ಗೀರಲು. ಆಮೇಲೆ ಇದನ್ನು ಎರಡು ಕಡೆಯಿಂದ ಸಿಂಪಡಿಸು."

ಶೀಶೆಯಲ್ಲಿದ್ದುದು ಕುರಿ ಉಣ್ಣೆಯಿಂದ ತೆಗೆದ ಜಿಡ್ಡು, ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ಮೂಸಿದರೆ ಕಂಬಳಿ ನೇಯುವ ಮನೆಯ ವಾಸನೆ.

"ಜಾಸ್ತಿ ಬೇಡ. ಜಾಸ್ತಿಯಾದರೆ ಚಿಪ್ಪಿನ ಹೆಗಲ ಮೇಲೆ ಗುಳಿ ಬೀಳುತ್ತದೆ. ಕಡಿಮೆಯಾದರೆ ಒಳಗೆ ಕಚ್ಚಿಕೊಳ್ಳುತ್ತದೆ. ಸಿಂಪಡಿಸಿದ ಮೇಲೆ ಹೋಗಿ ಒಂದು ಟೀ ಕುಡಿದು ಬಾ."

"ಟೀ ಯಾಕೆ?"

"ರಾಯ್ ಹಾಗೇ ಮಾಡುತ್ತಿದ್ದ."

ಟೀ ಕುಡಿದು ಬಂದು ಅವರು ಒಂಬತ್ತು ಚಿಪ್ಪು ಒತ್ತಿದರು. ಪ್ರತಿಯೊಂದನ್ನೂ ಬೆರಳಲ್ಲಿ ಸವರಿ ಜಾರು ನೋಡಿ, ಹಿಡಿಯನ್ನು ಮೆಲ್ಲಗೆ ಇಳಿಸಿ, ಮೆಲ್ಲಗೆ ಎತ್ತಿ. "ಬಿಗಿ ಎನಿಸಿದರೆ ಅಲ್ಲೇ ನಿಲ್ಲಿಸು. ಹಿಂದಕ್ಕೆ ತೆಗೆದು ಮತ್ತೆ ಜಿಡ್ಡು ಹಚ್ಚು. ಬಲ ಹಾಕಬೇಡ" ಎಂದರು.

ನಾನು ಗಂಭೀರವಾಗಿ ತಲೆಯಾಡಿಸಿದೆ. ಒಳಗೊಳಗೇ ನಗು. ಎಣ್ಣೆ ಮಿಲ್ಲಿನ ಎರಡಾಳೆತ್ತರದ ಮೆಷಿನ್ನುಗಳನ್ನು ಬಿಚ್ಚಿ ಕಟ್ಟಿದವನಿಗೆ ಬೆರಳುದ್ದದ ಹಿತ್ತಾಳೆಗೆ ಇಷ್ಟು ಉಪದೇಶ.

ಅದೇ ಶೆಡ್ಡು, ಹನ್ನೊಂದು ಗಂಟೆ

ಬೇಲಿಗೆ ಕುರಿಯೊಂದು ಸಿಕ್ಕಿಕೊಂಡಿದೆ ಎಂದು ಬೆನ್ ಕೂಗಿದ. ಗಾರ್ಡನ್ ಹೊರಟರು. "ನಾನು ಮುಂದುವರಿಸಲೇ?" ಎಂದೆ. ಬೀಗರ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವವನು ಎಂಬ ಹೆಸರು ಬರಬಾರದಲ್ಲ. ಅವರು ಒಂದು ಗಳಿಗೆ ನನ್ನ ಕೈ ನೋಡಿದರು, ಲೇತಿನವನ ಕೈ ಎಂದು ಸಮಾಧಾನವಾಯಿತೇನೋ, ಹೂಂ ಎಂದು ಹೋದರು.

ಹತ್ತನೇ ಚಿಪ್ಪು ಒರೆಸಿದೆ. ಸಿಂಪಡಿಸಿದೆ. ಟೀ ಕುಡಿಯಲು ಹೋಗಲಿಲ್ಲ. ಈ ಬಿಳಿಯರಿಗೆ ಕೆಲಸದ ನಡುವೆ ಟೀಗೆ ನೆಪ ಬೇಕು, ಅಷ್ಟೇ ಎಂದು ನನ್ನ ಲೆಕ್ಕಾಚಾರ. ಒದ್ದೆ ಚಿಪ್ಪನ್ನೇ ಪ್ರೆಸ್ಸಿಗಿಟ್ಟು ಹಿಡಿ ಇಳಿಸಿದೆ.

ಅರ್ಧದಲ್ಲಿ ಬಿಗಿಯಿತು. ಆಗ ನಿಲ್ಲಿಸಬೇಕಿತ್ತು. ನಿಲ್ಲಿಸಿದ್ದರೆ ನಾನು ತಿಪ್ಪೇಸ್ವಾಮಿ ಆಗುತ್ತಿರಲಿಲ್ಲ. ಕಾಲು ಊರಿ, ಭುಜ ಕೊಟ್ಟು, ಹಿಡಿಯನ್ನು ಕೊನೆಯ ತನಕ ಒತ್ತಿದೆ. ಇಳಿಯಿತು. ಗೆದ್ದೆ ಎಂದುಕೊಂಡು ಎತ್ತಲು ಹೋದರೆ ಅಲುಗಲಿಲ್ಲ. ಎರಡೂ ಕೈಯಲ್ಲಿ ಎಳೆದೆ. ಟಪ್ ಎಂದು ಶಬ್ದವಾಗಿ ಹಿಡಿ ಮೇಲೆ ಬಂತು. ಚಿಪ್ಪಿನ ಹಿಂದಿನ ಅಂಚು ಹರಿದು ಕೆಳಗೆ ಬಿತ್ತು. ಉಳಿದ ಚಿಪ್ಪು ಡೈಯೊಳಗೇ ಕೂತಿತು, ಗೋಡೆಗೆ ಹೊಡೆದ ಮೊಳೆಯ ಹಾಗೆ.

ಸ್ಪಿರಿಟ್ಟು ಆರಿದ ಮೇಲೇ ಜಿಡ್ಡು ಜಾರುವುದು. ಒದ್ದೆಯಿದ್ದಾಗ ಅದು ಜಾರುವುದಿಲ್ಲ. ಟೀ ಕುಡಿಯುವ ಹೊತ್ತು ಆರಲಿಕ್ಕೆ ಬೇಕಾದ ಹೊತ್ತು. ಇದೆಲ್ಲ ನನಗೆ ಹೊಳೆದದ್ದು ಆ ಟಪ್ ಶಬ್ದದ ನಂತರ.

ಗಾರ್ಡನ್ ಬಂದರು. ಡೈ ನೋಡಿದರು, ನೆಲದ ಮೇಲಿನ ಹರಿದ ಅಂಚು ನೋಡಿದರು. "ಏನಾಯಿತು?" ಎಂದರು, ಅಷ್ಟೇ.

ಮೂವತ್ತು ವರ್ಷದಿಂದ ನನ್ನ ಅಂಗಡಿಯಲ್ಲಿ ಏನೇ ಮುರಿದರೂ ಗಿರಾಕಿಗೆ ಹೇಳುವ ಮಾತೊಂದಿದೆ. ಅದು ನನ್ನ ಬಾಯಿಂದ ತಾನಾಗಿ ಬಂತು. "ಮೆಟೀರಿಯಲ್ ಸರಿಯಿಲ್ಲ. ಹಿತ್ತಾಳೆ ಹಳೆಯದು, ವೀಕ್."

ನಮ್ಮೂರಿನ ಗಿರಾಕಿ ಇದನ್ನು ಕೇಳಿದರೆ ಅರ್ಧ ತಾಸು ಜಗಳವಾಡಿ ಹೋಗುತ್ತಾನೆ. ಗಾರ್ಡನ್ ನಂಬಿಬಿಟ್ಟರು. "ನೀನು ಲೋಹದ ಕೆಲಸದವನು. ನಿನಗೆ ತಿಳಿಯುತ್ತದೆ" ಎಂದು ಹೊರಗೆ ಹೋದರು.

ಚಳ್ಳಕೆರೆ ಮತ್ತು ಮೊಳಕಾಲ್ಮೂರು, ಫೋನಿನಲ್ಲಿ

ಮಧ್ಯಾಹ್ನ ಮೂರಕ್ಕೆ, ಅಂದರೆ ಊರಿನಲ್ಲಿ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ, ರಹಮತ್‌ಗೆ ಫೋನು ಮಾಡಿದೆ. ಅವನು ಟೀ ಹೋಟೆಲಿನಲ್ಲಿದ್ದ. ಸುತ್ತಮುತ್ತ ಜನ.

"ರಹಮತ್, ಇಲ್ಲಿ ರೈಫಲ್ ಕೇಸ್ ಒಂದು ಸಿಕ್ಕಿಹಾಕ್ಕೊಂಡೈತೆ. ಹೊರಗೆ ಬರಾಕೆ ದಾರಿ ಕಾಣ್ತಿಲ್ಲ. ಬೀಗರಿಗೆ ಬ್ಯಾರೆ ಸುಳ್ಳು ಹೇಳೀನಿ..."

"ಯಾ ಅಲ್ಲಾ!" ಎಂದ ರಹಮತ್. ಅಲ್ಲಿಗೆ ಸಿಗ್ನಲ್ ಹೋಯಿತು.

ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಕುರಿಶೆಡ್ಡಿನ ಹಿಂದೆ ದಿಬ್ಬವೊಂದನ್ನು ಹತ್ತಿ ಸಿಗ್ನಲ್ ಹಿಡಿಯುವ ಹೊತ್ತಿಗೆ, ತಿಪ್ಪೇಸ್ವಾಮಿ ಫಾರಿನ್ನಿನಲ್ಲಿ ರೈಫಲ್ ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾನೆ ಎಂಬ ಸುದ್ದಿ ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಲುಪಿತ್ತು. ಮೊದಲು ಫೋನು ಬಂದದ್ದು ನಾಗವೇಣಿಯ ತಮ್ಮ ನರಸಿಂಹನದು. ಹಿಂದೆ ಮಗ್ಗದ ಸದ್ದಿಲ್ಲ. ನನಗಾಗಿ ನೇಯ್ಗೆ ನಿಲ್ಲಿಸಿದ್ದ ಎಂದರೆ ವಿಷಯ ಎಷ್ಟು ದೊಡ್ಡದಾಗಿರಬೇಕು.

"ಭಾವ, ಏಂ ಕಾದು, ಏನೂ ಆಗಲ್ಲ, ಧೈರ್ಯವಾಗಿರ್ರಿ. ರಾಂಪುರದಾಗೆ ನಮ್ಮ ಪರಿಚಯದ ವಕೀಲ್ರು ಅದಾರೆ. ನೀವು ಯಾವ ಕಾಗದಕ್ಕೂ ಸೈನ್ ಮಾಡಬ್ಯಾಡ್ರಿ."

"ಲೇ ನರಸಿಂಹ, ಅದು ಆ ಕೇಸಲ್ಲೋ. ಹಿತ್ತಾಳೆ ಕೇಸು."

"ಹಿತ್ತಾಳೆದೂ ಐತಾ?" ಎಂದ ಅವನು ಗಾಬರಿಯಿಂದ. "ಕಳವಿನ ಮಾಲಾ ಭಾವ?"

ಅವನಿಗೆ ತಿಳಿಸಿ ಹೇಳಲು ಕಾಲು ತಾಸು ಹಿಡಿಯಿತು. ಎಲ್ಲ ಕೇಳಿದ ಮೇಲೆ, "ಇರಲಿ ಭಾವ, ಫೋನಿನಾಗೆ ಹಿಂಗೇ ಮಾತಾಡಬೇಕು. ಪೊಲೀಸರು ಕೇಳ್ತಿರ್ತಾರೆ" ಎಂದು ಮೆಚ್ಚಿಕೊಂಡ.

ಆಮೇಲೆ ಇಬ್ಬರು ಮಾಜಿ ಗಿರಾಕಿಗಳು, ಒಬ್ಬ ಸಂಘದ ಕಾರ್ಯದರ್ಶಿ ಫೋನು ಮಾಡಿದರು. ಕಾರ್ಯದರ್ಶಿ ನನ್ನ ಬಿಡುಗಡೆಗೆ ತಹಶೀಲ್ದಾರರಿಗೆ ಮನವಿ ಕೊಡುವುದಾಗಿ ಹೇಳಿದ. ನ್ಯೂಜಿಲೆಂಡು ಯಾವ ಹೋಬಳಿಗೆ ಬರುತ್ತದೆ ಎಂದು ಕೇಳದೇ ಇದ್ದದ್ದು ಅವನ ದೊಡ್ಡತನ.

ನಾಲ್ಕನೇ ದಿನ, ಕಸದ ಡ್ರಮ್ಮಿನ ಹತ್ತಿರ

ಮರುದಿನ ಬೆಳಿಗ್ಗೆ ಗಾರ್ಡನ್ ಮರದ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಅಂಗಳ ದಾಟುತ್ತಿದ್ದರು. ಅಂಗಳದ ತುದಿಯಲ್ಲಿ ಹಳೆಯ ಕಬ್ಬಿಣ, ತಗಡು ಎಸೆಯುವ ಡ್ರಮ್ಮು. ಎಲ್ಲಿಗೆ ಎಂದು ಅನಿತಾಳನ್ನು ಕೇಳಿದೆ.

"ರಾಯ್ ಅಂಕಲ್‌ದು ಆ ಕೇಸ್‌ಗಳನ್ನೆಲ್ಲ ಎಸೀತಾರಂತೆ ಅಪ್ಪ. ನೀನು ಹಿತ್ತಾಳೆ ಕೆಟ್ಟೈತೆ ಅಂದ್ಯಂತಲ್ಲ. ಹಂಗಿದ್ರೆ ರೈಫಲ್ಲಿನಾಗೆ ಸಿಡಿದು ಯಾರದಾದ್ರೂ ಕಣ್ಣು ಹೋಗಬಹುದು ಅಂತ ಹೆದರಿಕೆ. ಒತ್ತಿದ ಒಂಬತ್ತೂ ಎಸೀತಾರಂತೆ. ಶನಿವಾರದ್ದು ರದ್ದು ಅಂತ ಎಲ್ರಿಗೂ ಫೋನ್ ಮಾಡೋಕೆ ಹೊಂಟಿದಾರೆ."

ಇಷ್ಟು ವರ್ಷ ನಾನು ಹೇಳಿದ ಆ ಸುಳ್ಳನ್ನು ನಂಬಿ ಯಾರೂ ಏನನ್ನೂ ಎಸೆದಿರಲಿಲ್ಲ.

ನಾಗವೇಣಿ ನನ್ನ ಮುಖ ನೋಡಿದಳು. ಅವಳಿಗೆ ಡೈಯ ವಿಷಯ ಏನೂ ಗೊತ್ತಿಲ್ಲ, ಗಂಡನ ಮುಖ ಮಾತ್ರ ಗೊತ್ತು. "ರೀ, ನೀವು ಏನೋ ಮಾಡೀರಿ" ಎಂದಳು.

"ಆಮೇಲೆ ಹೇಳ್ತೀನಿ."

"ಆಮೇಲೆ ಯಾಕೆ? ಆ ಮನುಷ್ಯ ಅಣ್ಣನ ಪೆಟ್ಟಿಗೆ ಹೊತ್ಕೊಂಡು ಹೊಂಟಾನೆ. ಹೋಗ್ರಿ!"

ಓಡಿದೆ. ಬೀಗರ ಅಂಗಳದಲ್ಲಿ, ಅರವತ್ತು ಹತ್ತಿರವಾದ ಮನುಷ್ಯ, ಎರವಲು ಬೂಟಿನಲ್ಲಿ, ನಾಯಿಗಳು ಹಿಂದೆ ಬರುವಂತೆ ಓಡಿದೆ. ಡ್ರಮ್ಮಿನ ಮುಂದೆ ಅಡ್ಡ ನಿಂತು, ಕೈ ಅಗಲಿಸಿ, "ಬ್ರಾಸ್ ಗುಡ್. ಐ ಬ್ಯಾಡ್" ಎಂದೆ.

ಗಾರ್ಡನ್‌ಗೆ ಅರ್ಥವಾಗಲಿಲ್ಲ. ಅನಿತಾ ಹಿಂದೆಯೇ ಬಂದಳು. ನಾನು ಕನ್ನಡದಲ್ಲಿ ಪೂರ್ತಿ ಹೇಳಿದೆ: ಟೀ ಕುಡಿಯಲಿಲ್ಲ, ಆರಲು ಬಿಡಲಿಲ್ಲ, ಬಿಗಿ ಬಂದರೂ ನಿಲ್ಲಿಸಲಿಲ್ಲ, ಭುಜ ಕೊಟ್ಟೆ, ಆಮೇಲೆ ನಿಮ್ಮ ಅಣ್ಣನ ಹಿತ್ತಾಳೆಯ ಮೇಲೆ ಹಾಕಿದೆ. ಮಗಳು ತನ್ನ ಮಾವನಿಗೆ ತನ್ನ ಅಪ್ಪನ ತಪ್ಪನ್ನು ಒಂದೊಂದಾಗಿ ಇಂಗ್ಲಿಷಿಗೆ ತಿರುಗಿಸುವುದನ್ನು ನಿಂತು ಕೇಳುವುದಕ್ಕಿಂತ ಆ ಡ್ರಮ್ಮಿನೊಳಗೆ ಇಳಿಯುವುದು ಸುಲಭವಿತ್ತು. ಒಂದು ಕಡೆ ಅವಳು ತಡೆದು, "ಅಪ್ಪ, ಇದನ್ನೂ ಹೇಳ್ಲಾ?" ಎಂದಳು. "ಹೇಳು" ಎಂದೆ.

ಗಾರ್ಡನ್ ಪೆಟ್ಟಿಗೆಯನ್ನು ನೆಲಕ್ಕಿಟ್ಟರು. ಬೈಯುತ್ತಾರೆ ಎಂದು ಕಾದೆ. ನಮ್ಮ ಕಡೆ ಬೀಗರಾಗಿದ್ದರೆ ಇಷ್ಟು ಹೊತ್ತಿಗೆ ಮೂರು ತಲೆಮಾರು ಎತ್ತಿರುತ್ತಿದ್ದರು. ಅವರು ಕೇಳಿದ್ದು ಒಂದೇ: "ಹಿತ್ತಾಳೆ ಖಂಡಿತ ಚೆನ್ನಾಗಿದೆಯೇ?"

"ಖಂಡಿತ."

"ಹಾಗಾದರೆ ಡೈ?"

ಮೆಷಿನ್ ವಿಷಯ ಬಂದಾಗ ನನ್ನ ನಾಲಿಗೆಗೆ ಇಂಗ್ಲಿಷು ತಾನಾಗಿ ಬರುತ್ತದೆ. "ಗಿವ್ ಡ್ರಿಲ್" ಎಂದೆ.

ಶೆಡ್ಡು ಮತ್ತೆ

ಅಣ್ಣನ ಡೈಗೆ ಡ್ರಿಲ್ ಹಾಕಲು ಗಾರ್ಡನ್‌ಗೆ ಧೈರ್ಯವಿರಲಿಲ್ಲ. ಪಟ್ಟಣದ ಬಂದೂಕು ರಿಪೇರಿಯವನಿಗೆ ಕಳಿಸಿದರೆ ವಾರಗಟ್ಟಲೆ. ನಾನೂ ಒಬ್ಬನೇ ಕೈ ಹಾಕದೆ, ಊರಿನಲ್ಲಿ ಅಂಗಡಿ ತೆರೆಯುವ ಹೊತ್ತಿಗೆಂದು ಮಧ್ಯಾಹ್ನ ಮೂರರ ತನಕ ಕಾದೆ. ದಿಬ್ಬ ಹತ್ತಿ ಫೋನು ಮಾಡಲಾಗದು ಎಂದು ಅನಿತಾ ಮನೆಯ ವೈಫೈಯನ್ನು ಶೆಡ್ಡಿನ ತನಕ ಎಳೆದು ವಿಡಿಯೋದಲ್ಲಿ ರಹಮತ್‌ನನ್ನು ತೋರಿಸಿದಳು. ಅವನ ಹಿಂದೆ ಅಂಗಡಿ ತುಂಬ ಜನ. ನಾನು ಜೈಲಿನಲ್ಲಿಲ್ಲದ್ದನ್ನು ಕಂಡು ಕೆಲವರಿಗೆ ಬೇಸರವಾದಂತಿತ್ತು.

"ತೋರ್ಸು" ಎಂದ ರಹಮತ್. ನೋಡಿದ. "ಎಣ್ಣೆ ಹಾಕಿದ್ಯಾ?"

"ಹಾಕಿದ್ದೆ. ಆರಾಕೆ ಬಿಡಲಿಲ್ಲ."

"ಜಲ್ದಿ," ಎಂದು ಅವನು ತನ್ನ ಹಿಂದಿನ ಜನಕ್ಕೆ ನನ್ನ ಅವಸರದ ರೋಗವನ್ನು ಒಂದೇ ಮಾತಿನಲ್ಲಿ ತಿಳಿಸಿದ. "ಡೈ ಒಳಗೆ ಮೇಲಿಂದ ಬಂದಿರೋ ಕಡ್ಡಿ ಐತಲ್ಲ, ಅದನ್ನ ಮೊದಲು ಆದಷ್ಟು ಮೇಲಕ್ಕೆ ಬಿಚ್ಚು. ಇಲ್ಲಾಂದ್ರೆ ಡ್ರಿಲ್ ಅದಕ್ಕೆ ತಾಗಿ ಅದೂ ಹೋಗ್ತೈತೆ. ಚಿಪ್ಪಿನ ತಳದ ನಡೂ ಮಧ್ಯ ತೂತು ಹೊಡಿ. ನೆಟ್ಟಗೆ. ಆಮೇಲೆ ಟ್ಯಾಪ್ ಹಾಕಿ ಥ್ರೆಡ್ ಕೊರಿ. ಆಮೇಲೆ ಗೊತ್ತೈತಲ್ಲ, ಬೋಲ್ಟು."

ಗೊತ್ತಿತ್ತು. ಆದರೂ ಅವನು ಒಂದೊಂದೇ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ. ಜನ್ಮದಲ್ಲಿ ಮೊದಲ ಸಲ. ಡೈಯ ಬಾಯಿಗೆ ದಪ್ಪ ಕೊಳವೆಯ ತುಂಡೊಂದನ್ನು ಒತ್ತುಕೊಟ್ಟು, ಅದರ ಮೇಲೆ ವಾಷರ್ ಇಟ್ಟು, ಬೋಲ್ಟನ್ನು ಚಿಪ್ಪಿನ ತಳದ ಥ್ರೆಡ್ಡಿಗೆ ಕೂಡಿಸಿ, ಸ್ಪ್ಯಾನರಿನಿಂದ ಬಿಗಿಸತೊಡಗಿದೆ. ಬೋಲ್ಟು ತಿರುಗಿದಂತೆ ಚಿಪ್ಪು ಹೊರಕ್ಕೆ ಬರಬೇಕು, ಇಲ್ಲವೇ ಥ್ರೆಡ್ಡು ಕಿತ್ತು ಎಲ್ಲ ಹಾಳಾಗಬೇಕು. ಒಂದು ಸುತ್ತು. ಅರ್ಧ ಸುತ್ತು. ಗಾರ್ಡನ್ ಗೋಡೆಯ ಕಡೆ ತಿರುಗಿ ನಿಂತಿದ್ದರು. ಚಳ್ಳಕೆರೆಯಲ್ಲಿ ಯಾರೋ ಕೆಮ್ಮಿದರು, ರಹಮತ್ "ಚುಪ್" ಎಂದ.

ಕಿರ್ ಎಂದು ಚಿಪ್ಪು ಜರುಗಿತು. ಇನ್ನೆರಡು ಸುತ್ತಿಗೆ ಪೂರ್ತಿ ಹೊರಗೆ ಬಂದು ನನ್ನ ಅಂಗೈಗೆ ಬಿತ್ತು. ಬಿಸಿಯಾಗಿತ್ತು.

ಅಂಗಡಿಯಲ್ಲಿ ಚಪ್ಪಾಳೆ. ಗಾರ್ಡನ್ ನನ್ನ ಭುಜ ಹಿಡಿದು ಅಲುಗಾಡಿಸಿದರು. ಡೈಯನ್ನು ಒರೆಸಿ ಬೆಳಕಿಗೆ ಹಿಡಿದೆ. ಒಳಮೈ ನುಣುಪಾಗಿಯೇ ಇತ್ತು. ಆದರೆ ಕೊಳವೆ ಒತ್ತುಕೊಟ್ಟ ಜಾಗದಲ್ಲಿ, ಡೈಯ ಬಾಯಿಯ ಸುತ್ತ, ಕಪ್ಪುಗಟ್ಟಿದ ಒಂದು ಹಳೆಯ ಉಂಗುರದ ಗುರುತು. ನನ್ನದಲ್ಲ. ನನ್ನದು ಪಕ್ಕದಲ್ಲೇ ಹೊಸದಾಗಿ ಹೊಳೆಯುತ್ತಿತ್ತು.

"ಇದರಲ್ಲಿ ಹಿಂದೆಯೂ ಒಂದು ಸಿಕ್ಕಿತ್ತು. ಹಿಂದೆಯೂ ಯಾರೋ ಹೀಗೇ ತೆಗೆದಿದ್ದಾರೆ" ಎಂದೆ.

"ಸಾಧ್ಯವಿಲ್ಲ," ಎಂದರು ಗಾರ್ಡನ್. "ರಾಯ್‌ಗೆ ಒಂದು ಸಲವೂ ಸಿಕ್ಕಿಲ್ಲ. ಅದನ್ನು ಅವನು ನಮಗೆ ಸಾಯುವ ತನಕ ಹೇಳುತ್ತಿದ್ದ." ಆಮೇಲೆ ತಾವೂ ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿ, ಸ್ಟೂಲಿನ ಮೇಲೆ ಕೂತು, ಮೊದಲು ಸಣ್ಣಗೆ, ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದರು. "ಸುಳ್ಳುಗಾರ," ಎಂದರು. "ನಲವತ್ತು ವರ್ಷ ನಮಗೆ ಪಾಠ ಹೇಳಿದ, ಸುಳ್ಳುಗಾರ."

ಉಳಿದ ಹನ್ನೊಂದು ಚಿಪ್ಪುಗಳನ್ನು ಅಂದೇ ಇಬ್ಬರೂ ಒತ್ತಿದೆವು. ಹನ್ನೊಂದಕ್ಕೂ ಸೇರಿ ಮೂರು ಸಲ ಟೀ ಕುಡಿದೆ. ಕೊನೆಯ ಸಲ, ಇನ್ನೊಂದು ಬಿಸ್ಕತ್ತು ಬೇಕೇ ಎಂದು ಮಾರ್ಗರೆಟ್ ಕೇಳಿದಾಗ ಬೇಕು ಎಂದೆ.

ಶನಿವಾರ, ಗುಡ್ಡ

ಹದಿನಾಲ್ಕು ಜನ ಸೇರಿದ್ದರು. ಎಲ್ಲ ಹಣ್ಣಾದ ಮುದುಕರು, ಒಬ್ಬೊಬ್ಬರ ಹತ್ತಿರ ಒಂದೊಂದು ಊರುಗೋಲು, ರೈಫಲ್ ಕೈಗೆ ಬಂದ ಕೂಡಲೇ ಬೆನ್ನು ನೆಟ್ಟಗಾಗುತ್ತಿತ್ತು. ಎದುರು ಇಳಿಜಾರಿನಲ್ಲಿ ಉಕ್ಕಿನ ತಟ್ಟೆಯೊಂದನ್ನು ನೇತುಹಾಕಿದ್ದರು. ತಗುಲಿದರೆ ಠಣ್ ಎನ್ನುತ್ತದೆ. ಗಾರ್ಡನ್ ಪಕ್ಕದಲ್ಲೇ ಕೂತು ಹೇಳಿಕೊಟ್ಟು ನನ್ನಿಂದಲೂ ಒಂದು ಹಾರಿಸಿದರು. ನನ್ನ ಗುಂಡು ಎಲ್ಲಿಗೆ ಹೋಯಿತೆಂದು ಆ ಗುಡ್ಡಕ್ಕೂ ತಿಳಿಯಲಿಲ್ಲ. ಎಲ್ಲರೂ "ವೆರಿ ಗುಡ್" ಎಂದರು. ಆ ಜನಕ್ಕೆ ಸುಳ್ಳು ಬರುವುದಿಲ್ಲ ಎಂಬ ನನ್ನ ಅಭಿಪ್ರಾಯವನ್ನು ಅಲ್ಲಿ ತಿದ್ದಿಕೊಂಡೆ.

ಆಮೇಲೆ ಗಾರ್ಡನ್ ಡೈಯ ಕಥೆ ಹೇಳಿದರು. ನನ್ನ ತಪ್ಪನ್ನು ಅರ್ಧ ಮಾತಿನಲ್ಲಿ ಮುಗಿಸಿ, ಹಳೆಯ ಗುರುತಿನ ವಿಷಯವನ್ನು ಬಿಡಿಸಿ ಬಿಡಿಸಿ ಹೇಳಿದರು. ಮುದುಕರು ಹೊಟ್ಟೆ ಹಿಡಿದು ನಕ್ಕರು. ರಾಯ್‌ನಿಂದ ಬೈಸಿಕೊಳ್ಳದವರು ಅಲ್ಲಿ ಯಾರೂ ಇರಲಿಲ್ಲ.

ರಾಯ್‌ನ ಹೆಂಡತಿ ಐಲೀನ್ ಮಾತ್ರ ನಗಲಿಲ್ಲ. ಎಪ್ಪತ್ತು ದಾಟಿದ, ಸಣ್ಣ ದೇಹದ ಹೆಂಗಸು. ಮಡಿಸುವ ಕುರ್ಚಿಯಲ್ಲಿ ನೆಟ್ಟಗೆ ಕೂತು, ನಗು ನಿಲ್ಲುವ ತನಕ ಕಾದರು.

"ಅವನಲ್ಲ. ನಾನು" ಎಂದರು.

ಎಲ್ಲರ ತಲೆಯೂ ಅವರ ಕಡೆ ತಿರುಗಿತು.

"ಮದುವೆಯಾದ ವರ್ಷ. ಅವನು ಉಣ್ಣೆ ಕತ್ತರಿಸಲು ಬೇರೆ ತೋಟಕ್ಕೆ ಹೋಗಿದ್ದ. ಬರುವಷ್ಟರಲ್ಲಿ ಚಿಪ್ಪುಗಳನ್ನೆಲ್ಲ ಒತ್ತಿಡೋಣ, ಖುಷಿಪಡುತ್ತಾನೆ ಎಂದುಕೊಂಡೆ. ಜಿಡ್ಡು ಹಚ್ಚಬೇಕೆಂದು ನನಗೆ ಯಾರು ಹೇಳಿದ್ದರು? ಡೈಯನ್ನು ಏಪ್ರನ್ನಿನಲ್ಲಿ ಸುತ್ತಿ ಪಟ್ಟಣದ ಗ್ಯಾರೇಜಿನವನ ಹತ್ತಿರ ಓಡಿದೆ. ತೆಗೆದುಕೊಟ್ಟ. ಯಾರಿಗೂ ಹೇಳಬೇಡ ಎಂದೆ. ಪುಣ್ಯಾತ್ಮ, ಹೇಳಲಿಲ್ಲ. ತನ್ನ ಡೈಯಲ್ಲಿ ಒಂದೂ ಸಿಕ್ಕಿಲ್ಲ ಎಂದು ರಾಯ್ ಜಂಬ ಕೊಚ್ಚಿದಾಗಲೆಲ್ಲ ಹೇಳಿಬಿಡೋಣ ಎನಿಸುತ್ತಿತ್ತು. ಅವನಿಗೆ ಅಷ್ಟು ಖುಷಿಯಿತ್ತು ಅದರಲ್ಲಿ. ಬಿಟ್ಟೆ" ಎಂದರು.

ಗಾರ್ಡನ್ ಟೋಪಿ ತೆಗೆದರು. ಅಣ್ಣನನ್ನು ಸುಳ್ಳುಗಾರ ಎಂದವರಿಗೆ ಈಗ ಯಾರ ಕ್ಷಮೆ ಕೇಳಬೇಕೋ ತಿಳಿಯದೆ, ಕೊನೆಗೆ ಅತ್ತಿಗೆಯ ಕೈಗೆ ರೈಫಲ್ ಕೊಟ್ಟರು. ಅವರು ಕುರ್ಚಿಯಿಂದ ಎದ್ದು, ಹೊಟ್ಟೆಯ ಮೇಲೆ ಮಲಗಿ, ರೈಫಲನ್ನು ಮರಳುಚೀಲಕ್ಕೆ ಒರಗಿಸಿ, ಒಂದೇ ಗುಂಡಿಗೆ ತಟ್ಟೆಯನ್ನು ಠಣ್ ಎನ್ನಿಸಿದರು.

ನಾಗವೇಣಿಗೆ ಇಂಗ್ಲಿಷು ಬಾರದು. "ಆಯಮ್ಮ ಏನಂದ್ಲು? ಯಾಕೆ ಎಲ್ರೂ ಸುಮ್ಮನಾದ್ರು?" ಎಂದು ನನ್ನನ್ನು ಕೇಳಿದಳು. ಹೇಳಿದೆ. ಗಂಡನಿಗೆ ನಲವತ್ತು ವರ್ಷ ಹೇಳದೆ ಇದ್ದ ಕಥೆಯನ್ನು ಅವಳು ಕಣ್ಣು ಕಿರಿದು ಮಾಡಿಕೊಂಡು ಪೂರ್ತಿ ಕೇಳಿದಳು. ಆಮೇಲೆ ಅನಿತಾಳ ಕೈ ಹಿಡಿದು ಎಬ್ಬಿಸಿ, "ಬಾರೇ, ನನಗೂ ಆಯಮ್ಮನ ಹತ್ರ ಒಂದು ಹೇಳಾದೈತೆ" ಎಂದು ಐಲೀನ್ ಕುರ್ಚಿಯ ಹತ್ತಿರ ಹೋದಳು.

ಮೂವರೂ ತಲೆ ಕೂಡಿಸಿದರು. ನಾಗವೇಣಿ ಹೇಳುತ್ತಿದ್ದಳು, ಅನಿತಾ ತಿರುಗಿಸುತ್ತಿದ್ದಳು. ಒಂದು ಕಡೆ ಅನಿತಾ ಬಾಯಿ ಮುಚ್ಚಿಕೊಂಡು "ಅವ್ವಾ!" ಎಂದದ್ದು ನನಗೆ ಕೇಳಿಸಿತು. ಐಲೀನ್ ತಲೆಯೆತ್ತಿ ನನ್ನನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿದರು. ಅಷ್ಟು ಹೊತ್ತು ನಗದೇ ಇದ್ದ ಹೆಂಗಸು, ಕುರ್ಚಿಯ ಕೈ ಹಿಡಿದು, ಗುಡ್ಡಕ್ಕೆಲ್ಲ ಕೇಳುವಂತೆ ನಕ್ಕರು.

ಊರಿಗೆ ಬಂದು ತಿಂಗಳುಗಳಾದವು. ನನಗೆ ಹೇಳದ ಆ ಗುಟ್ಟು ಏನೆಂದು ಹೆಂಡತಿಯನ್ನು ಕೇಳಿದರೆ ಚಾಲು ಎನ್ನುತ್ತಾಳೆ. ಮಗಳು ಫೋನು ಇಡುತ್ತಾಳೆ. ಮೊನ್ನೆ ಗಾರ್ಡನ್‌ರನ್ನೇ ಕೇಳಿದೆ. ಐಲೀನ್ ನಮಗೆಲ್ಲ ಹೇಳಿದ್ದಾರೆ, ಆದರೆ ಹೊರಗೆ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ ಎಂದರು.